ನೀಲಿ ಬಾರದ ದೀಪ

ಮಾರ್ಚ್ 3, ಸೋಮವಾರ

ಪೇಂಟ್ ಕಂಪನಿಯವರು ಪ್ರತಿ ವರ್ಷ ನಾನು ಕೆಲಸ ಮಾಡುವ ಅಂಗಡಿಗೆ ಒಂದು ಕಟ್ಟು ಡೈರಿ ಕಳಿಸುತ್ತಾರೆ. ಇಷ್ಟು ವರ್ಷ ನನ್ನ ಪಾಲಿನದನ್ನು ಹೆಂಡತಿಗೆ ಕೊಟ್ಟುಬಿಡುತ್ತಿದ್ದೆ. ಈ ಸಲ ನಾನೇ ಇಟ್ಟುಕೊಂಡೆ. ಮನೆಯಲ್ಲಿ ಏನೋ ನಡೆಯುತ್ತಿದೆ, ನಾಳೆ ಮಾತು ಬಂದರೆ ತೋರಿಸಲು ದಾಖಲೆ ಇರಲಿ. ದಾಖಲೆ ಅಂದಮೇಲೆ ಕಪ್ಪು ಶಾಯಿ. ನೀಲಿ ಶಾಯಿ ಮಕ್ಕಳ ಹೋಂವರ್ಕಿಗೆ. "ಇನ್ಮೇಲೆ ಈ ಕಪ್ಪು ಪೆನ್ನನ್ನ ಯಾರೂ ಮುಟ್ಟಬಾರದು" ಅಂತ ಮನೆಗೆಲ್ಲ ಕೇಳುವಂತೆ ಹೇಳಿ, ಪೆನ್ ಸ್ಟ್ಯಾಂಡಿನಿಂದ ನಾನೇ ಆರಿಸಿ ತೆಗೆದುಕೊಂಡಿದ್ದೇನೆ.

ಮಗಳೂ ಅವಳ ಗಂಡನೂ ಬಂದು ವಾರವಾಯಿತು. ಅವರಿರುವ ಕಟ್ಟಡದಲ್ಲಿ ನೀರಿನ ಪೈಪು ಪೂರ್ತಿ ಕಿತ್ತು ಹೊಸದು ಹಾಕುತ್ತಿದ್ದಾರಂತೆ. ಮೂರು ತಿಂಗಳ ಕೆಲಸವಂತೆ. ಪೈಪಿಗೆ ಮೂರು ತಿಂಗಳು ಯಾಕೆ ಅಂತ ಕೇಳಿದರೆ "ಹದಿನಾಲ್ಕು ಮಹಡಿ ಮಾವ" ಅಂದ. ಲಿಫ್ಟ್ ರಿಪೇರಿ ಮಾಡುವವನು, ಮಹಡಿ ಎಣಿಸುವುದು ಅವನಿಗೆ ಚೆನ್ನಾಗಿ ಬರುತ್ತದೆ. ದಿನಾ ಅದೇ ಕರಿ ಅಂಗಿ ಹಾಕಿಕೊಂಡು ಹೋಗುತ್ತಾನೆ, ಅದೇ ಕರಿ ಅಂಗಿಯಲ್ಲಿ ಬರುತ್ತಾನೆ.

ಇವತ್ತು ಅವನ ಹೆಸರಿಗೆ ಎರಡು ಪಾರ್ಸೆಲ್ ಬಂದವು. ಒಂದರಲ್ಲಿ ಸುರುಳಿ ಸುತ್ತಿದ ಎಲ್‌ಇಡಿ ದೀಪದ ಪಟ್ಟಿ, ಬೆನ್ನಿಗೆ ಅಂಟು ಹಚ್ಚಿದ್ದು. ಇನ್ನೊಂದರಲ್ಲಿ ಹೆಬ್ಬೆರಳಿನಷ್ಟು ಕ್ಯಾಮೆರಾ. ಪಕ್ಕದ ಕೋಣೆಗೆ ಟೀವಿ ಸಾಗಿಸಿ, ಅದರ ಬೆನ್ನ ಹಿಂದೆ ಸುತ್ತಲೂ ಬಣ್ಣದ ದೀಪ ಹಾಕಿ, ಗಂಡ ಹೆಂಡತಿ ವಿಡಿಯೋ ಗೇಮ್ ಆಡುತ್ತಾರಂತೆ. ಸಿನಿಮಾ ಹಾಕಿದರೂ ಚೆನ್ನಾಗಿರುತ್ತದಂತೆ.

"ದೀಪ ಸರಿ, ಕ್ಯಾಮೆರಾ ಯಾಕೆ?" ಅಂದೆ.

"ಅದು ಟೀವೀನ ನೋಡುತ್ತೆ ಮಾವ. ಪರದೆ ಮೇಲೆ ಯಾವ ಬಣ್ಣ ಬರುತ್ತೋ ಅದನ್ನ ನೋಡ್ಕೊಂಡು ಹಿಂದಿನ ದೀಪಾನೂ ಅದೇ ಬಣ್ಣಕ್ಕೆ ತಿರುಗುತ್ತೆ."

"ಟೀವಿ ನೋಡೋಕೆ ಮನೇಲಿ ಜನ ಇಲ್ವಾ?"

ಮಗಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ಮಾರ್ಚ್ 5, ಬುಧವಾರ

ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವನ ಕೆಲಸ ನೋಡಿದೆ. ಕೆಲಸ ಗೊತ್ತು ಅಂತ ಒಪ್ಪಬೇಕು. ಟೀವಿಯ ಬೆನ್ನನ್ನು ಸ್ಪಿರಿಟ್ಟಿನಲ್ಲಿ ಒರೆಸಿದ. ಪಟ್ಟಿಯನ್ನು ತಾಮ್ರದ ಗೆರೆ ಇರುವ ಜಾಗದಲ್ಲೇ ಕತ್ತರಿಸಿದ, ಬೇರೆ ಕಡೆ ಕತ್ತರಿಸಿದರೆ ದೀಪ ಸಾಯುತ್ತದಂತೆ. ಆಮೇಲೆ ಪರದೆಯ ನಾಲ್ಕು ಮೂಲೆಗೂ ಅಂಚಿಗೂ ಕಿತ್ತಳೆ ಬಣ್ಣದ ಪುಟ್ಟ ಸ್ಪಂಜಿನ ಚೂರು ಅಂಟಿಸಿದ. ಅದನ್ನು ನೋಡಿ ಕ್ಯಾಮೆರಾ ಪರದೆಯ ಅಳತೆ ಕಲಿಯುತ್ತದೆ, ಕಲಿತ ಮೇಲೆ ಕೀಳಬೇಕು ಅಂದ. ಕಲಿಯುವ ಕ್ಯಾಮೆರಾ ಅಷ್ಟಕ್ಕೇ ನಿಲ್ಲುತ್ತದೆ ಅನ್ನುವುದಕ್ಕೆ ಏನು ಖಾತರಿ?

ಬಣ್ಣದ ವಿಷಯದಲ್ಲಿ ನನ್ನ ಮುಂದೆ ಯಾರ ಆಟವೂ ನಡೆಯದು. ನಾನು ಬಣ್ಣ ಬೆರೆಸುವವನು. ಮೂವತ್ತೊಂದು ವರ್ಷ ಅದೇ ಅಂಗಡಿ, ಅದೇ ಟೇಬಲ್. ಜನ ಗೋಡೆಯಿಂದ ಕೆರೆದ ಚಕ್ಕೆ ತಂದುಕೊಡುತ್ತಾರೆ. ಬಿಳಿ ಪೇಂಟಿಗೆ ಸ್ಟೇನರ್ ಹನಿ ಹನಿಯಾಗಿ ಬೆರೆಸಿ ಅದೇ ಬಣ್ಣ ತಂದುಕೊಡುತ್ತೇನೆ. ಸ್ಟೇನರ್ ಅಂದರೆ ಗಟ್ಟಿ ಬಣ್ಣ, ಎರಡು ಹನಿ ಹೆಚ್ಚಾದರೆ ಡಬ್ಬಿಯೇ ಕೆಟ್ಟಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಅದು ಬೇರೆಯವರಿಗೆ. ಕಂಪನಿಯ ಬಣ್ಣದ ಕಾರ್ಡ್, ಅದರ ನಂಬರು, ಊರವರ ಮಾತು, ಯಾವುದನ್ನೂ ನಾನು ನಂಬುವುದಿಲ್ಲ. ನನ್ನ ಕಣ್ಣಿಗೆ ಕಂಡರೆ ಮಾತ್ರ ಅದು ಬಣ್ಣ.

ಮಾರ್ಚ್ 9, ಭಾನುವಾರ

ಇವತ್ತು ಸಂಜೆ ದೀಪ ಹಚ್ಚಿದರು. ನಾಲ್ಕು ಜನವೂ ಕೂತಿದ್ದೆವು. ಫೋನಿನಲ್ಲಿ ಅವನು ಒತ್ತಿದಂತೆ ಟೀವಿಯ ಹಿಂದಿನ ಗೋಡೆ ಬಣ್ಣ ಬದಲಿಸುತ್ತಿತ್ತು. ಕೆಂಪು ಚೆನ್ನಾಗಿ ಬಂತು. ಹಸಿರು ಪರವಾಗಿಲ್ಲ. ಆಮೇಲೆ ನೀಲಿ ಅಂತ ಒತ್ತಿದ. ಗೋಡೆಯ ಮೇಲೆ ಬೂದಿ ಬಳಿದ ಹಾಗೆ ಮಂಕು ಬೆಳಕು. ನೇರಳೆ ಅಂತ ಒತ್ತಿದ್ದಕ್ಕೆ ಬರೀ ಕೆಂಪು.

"ನಿಮಗೆ ಟೋಪಿ ಹಾಕಿದ್ದಾರೆ" ಅಂದೆ. "ಈ ಪಟ್ಟೀಲಿ ನೀಲಿ ಸತ್ತಿದೆ. ವಾಪಸ್ ಕೊಟ್ಟುಬಿಡಿ."

ಮಗಳು ಅವಳ ಅಮ್ಮನ ಮುಖ ನೋಡಿದಳು. ಹೆಂಡತಿ ನೆಲ ನೋಡಿದಳು. ಅವನು ಮಾತ್ರ ಫೋನ್ ತಿರುವುತ್ತಾ, "ನೋಡ್ತೀನಿ ಮಾವ, ಕನೆಕ್ಷನ್ ಸಡಿಲ ಆಗಿರ್ಬಹುದು" ಅಂದ.

ಮೋಸ ಹೋದದ್ದನ್ನು ಒಪ್ಪಲು ನಾಚಿಕೆ, ಅಷ್ಟೇ. ಆದರೆ ಹೆಂಡತಿ ಯಾಕೆ ನೆಲ ನೋಡಬೇಕಿತ್ತು? ಅವಳಿಗೂ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ. ನನ್ನ ಮನೆಯಲ್ಲಿ ನನ್ನೊಬ್ಬನನ್ನು ಬಿಟ್ಟು ಮೂವರು ಸೇರಿ ಒಂದು ಗುಟ್ಟು ಇಟ್ಟುಕೊಂಡಿದ್ದಾರೆ.

ಮಾರ್ಚ್ 10, ಸೋಮವಾರ

ಡೈರಿಯ ಮೇಲೆ ಇಟ್ಟಿದ್ದ ನನ್ನ ಪೆನ್ನು ಇಲ್ಲ. ಆ ಜಾಗದಲ್ಲಿ ಬೇರೊಂದು ಪೆನ್ನು. ಅದೂ ಕಪ್ಪೇ, ಆದರೆ ನನ್ನದಲ್ಲ. ಮುಚ್ಚಳ ಬೇರೆ. ಯಾರು ಬದಲಿಸಿದರು, ಯಾಕೆ? ಡೈರಿ ಓದಲು ಬಂದವರು ಗಡಿಬಿಡಿಯಲ್ಲಿ ಪೆನ್ನು ಒಯ್ದರೋ? ಇವತ್ತಿನಿಂದ ಡೈರಿಯನ್ನು ಬೀರುವಿನಲ್ಲಿ ಬಟ್ಟೆ ಕೆಳಗೆ ಇಡುತ್ತೇನೆ.

ಮಾರ್ಚ್ 14, ಶುಕ್ರವಾರ

ಅಂಗಡಿಗೆ ಟೀಚರಮ್ಮ ಬಂದಿದ್ದರು. ಹೋದ ತಿಂಗಳು ಅವರ ನಡುಮನೆಯ ಗೋಡೆಯ ತೇಪೆಗೆ ತಿಳಿಬೂದಿ ಬಣ್ಣ ಬೆರೆಸಿಕೊಟ್ಟಿದ್ದೆ. ಇಪ್ಪತ್ತು ವರ್ಷದ ಗಿರಾಕಿ, ಒಂದು ದಿನ ಕೊಸರಾಡಿದವರಲ್ಲ. ಇವತ್ತು ಮೆಲ್ಲಗೆ ಅಂದರು, "ಬೇಜಾರು ಮಾಡ್ಕೋಬೇಡಿ. ಗೋಡೆಗೆ ಯಾರೋ ಹೊಡೆದು ನೀಲಿಗಟ್ಟಿದ ಹಾಗೆ ಕಾಣ್ತಿದೆ."

ನಾನು ಕೊಟ್ಟ ಬಣ್ಣ ಬಳಿದ ಹಲಗೆ ತಂದಿದ್ದರು. ಹಳೆಯ ಚಕ್ಕೆಯ ಪಕ್ಕ ಇಟ್ಟು ನೋಡಿದೆ. ಕಿಟಕಿಯ ಬಳಿ ಒಯ್ದು ನೋಡಿದೆ. ಎರಡೂ ಒಂದೇ. ಅಂಗಡಿಯ ಸಾಹುಕಾರರು ಬಂದು ಟೀಚರಮ್ಮನಿಗೆ ಬೇರೆ ಡಬ್ಬಿ ಕೊಡುತ್ತೇವೆ ಅಂದರು, ನನ್ನನ್ನು ಒಂದು ಮಾತು ಕೇಳದೆ.

ನನಗೆ ಈಗ ಒಂದು ಹೊಳೆದಿದೆ. ಕೆಲವು ತಿಂಗಳಿನಿಂದ ನೀಲಿ ಸ್ಟೇನರ್ ನೀರಾಗಿದೆ. ಮೊದಲು ಮೂರು ಹನಿಗೆ ಬರುತ್ತಿದ್ದ ಬಣ್ಣಕ್ಕೆ ಈಗ ಏಳು ಎಂಟು ಹನಿ ಬೇಕು. ಯಾರೋ ಬಾಟಲಿಗೆ ಕಲಬೆರಕೆ ಮಾಡುತ್ತಿದ್ದಾರೆ. ಗೋದಾಮಿನವನೇ ಇರಬೇಕು. ನಾನು ಅವನನ್ನು ನೋಡಿದರೆ ಅವನು ಬೇರೆ ಕಡೆ ನೋಡುತ್ತಾನೆ. ಕಳ್ಳನ ಮನಸ್ಸು ಹುಳ್ಳ ಹುಳ್ಳಗೆ.

ಮಾರ್ಚ್ 17, ಸೋಮವಾರ

ಮಗಳ ಗಂಡ ಹೊಸ ಆಟ ಶುರು ಮಾಡಿದ್ದಾನೆ. ಕೆಲಸದಿಂದ ಬಂದು ಕೈಕಾಲು ತೊಳೆದು, ನನ್ನನ್ನು ಕೋಣೆಗೆ ಕರೆಯುತ್ತಾನೆ. ಗೋಡೆಯ ಮೇಲೆ ಒಂದು ಬಣ್ಣ ಹಾಕಿ, "ಮಾವ, ಇದನ್ನ ಪೇಂಟಲ್ಲಿ ಮಾಡ್ಬೇಕಂದ್ರೆ ಏನೇನು ಎಷ್ಟೆಷ್ಟು ಹಾಕ್ತೀರಿ?" ಅನ್ನುತ್ತಾನೆ.

ಕೇಳಿದ್ದು ಕಸುಬಿನ ವಿಷಯ, ಉಬ್ಬಿಹೋದೆ. ಹೇಳಿಬಿಟ್ಟೆ. ಅವನ ಫೋನಿನಲ್ಲಿ ಪ್ರತಿ ಬಣ್ಣಕ್ಕೂ ಮೂರು ನಂಬರು ಬರುತ್ತದೆ, ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಅಂತ. ಬೆಳಕಿಗೂ ಹನಿ ಲೆಕ್ಕ ಇದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅದೊಂದು ಒಳ್ಳೆಯ ವಿದ್ಯೆ. ಮುಕ್ಕಾಲು ಗಂಟೆ ಕೂತೆವು, ಹೆಂಡತಿ ಕಾಫಿಯನ್ನು ಅಲ್ಲಿಗೇ ತಂದುಕೊಟ್ಟಳು.

ಬಂದು ಮಲಗಿದ ಮೇಲೆ ಯೋಚನೆ ಬಂತು. ನಾನು ಹೇಳಿದ್ದನ್ನೆಲ್ಲ ಅವನು ಯಾಕೆ ಬರೆದುಕೊಂಡ?

ಮಾರ್ಚ್ 23, ಭಾನುವಾರ

ದಿನಾ ಕರೆಯುತ್ತಿದ್ದಾನೆ. ದಿನಾ ಹೋಗುತ್ತಿದ್ದೇನೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು. ಗಮನಿಸಿದ್ದನ್ನು ಬರೆದಿಡುತ್ತೇನೆ. ಅವನು ಎರಡು ಬಣ್ಣ ಅಕ್ಕಪಕ್ಕ ಹಾಕಿ ಯಾವುದು ಗಾಢ ಅಂತ ಕೇಳುತ್ತಾನೆ, ಎಷ್ಟೋ ಸಲ ಎರಡೂ ಒಂದೇ ಇರುತ್ತವೆ. "ಒಂದೇ" ಅಂದರೆ "ಹೂಂ" ಅಂದು ಬರೆದುಕೊಳ್ಳುತ್ತಾನೆ. ನನ್ನ ಪರೀಕ್ಷೆ ಮಾಡುತ್ತಿದ್ದಾನೆ. ಕಲಿಯಲು ಕೇಳುವವನ ಮುಖ ಹಾಗಿರುವುದಿಲ್ಲ, ಉತ್ತರ ಗೊತ್ತಿರುವವನ ಮುಖ ಹಾಗಿರುತ್ತದೆ.

ಇನ್ನೊಂದು ವಿಷಯ. ಆ ದೀಪ ಒಳ್ಳೆಯದಲ್ಲ. ಅದು ಮನೆಗೆ ಬಂದಾಗಿನಿಂದ ಬೀದಿ ದೀಪದ ಸುತ್ತಲೂ ಬೆಳಕು ಮುಳ್ಳು ಮುಳ್ಳಾಗಿ ಕಾಣುತ್ತದೆ. ಬರುವುದಕ್ಕೆ ಮುಂಚೆಯೂ ಒಂದೊಂದು ದಿನ ಕಾಣುತ್ತಿತ್ತು, ಅದು ಸುಸ್ತಿಗೆ.

ಹೆಂಡತಿಗೆ ಹೇಳಿದೆ. "ಡಾಕ್ಟರಿಗೆ ತೋರಿಸೋಣ" ಅಂದಳು. ದೀಪ ಕೆಟ್ಟರೆ ನನ್ನನ್ನು ಯಾಕೆ ಡಾಕ್ಟರಿಗೆ ತೋರಿಸಬೇಕು?

ಮಾರ್ಚ್ 29, ಶನಿವಾರ

ಗುಟ್ಟು ರಟ್ಟಾಯಿತು.

ಬೆಳಿಗ್ಗೆ ಅಂಗಡಿಗೆ ಹೋದರೆ ನನ್ನ ಟೇಬಲ್ ಪಕ್ಕ ಒಂದು ಯಂತ್ರ. ಗೋಡೆಯ ಚಕ್ಕೆಯನ್ನು ಅದರ ಬಾಯಿಗೆ ಹಿಡಿದರೆ ಯಾವ ಸ್ಟೇನರ್ ಎಷ್ಟು ಹನಿ ಅಂತ ತಾನೇ ಹೇಳುತ್ತದೆ. ಸಾಹುಕಾರರು ನನ್ನ ಮುಖ ನೋಡದೆ ಅಂದರು, "ಮುಂದಿನ ತಿಂಗಳಿಂದ ಬಣ್ಣ ಇದೇ ನೋಡ್ಕೊಳ್ಳಲಿ. ನೀವು ಬಿಲ್ ಕೌಂಟರ್‌ಗೆ ಬನ್ನಿ. ಆರಾಮಾಗಿ ಕೂತ್ಕೊಳ್ಳೋ ಕೆಲಸ."

ಆರಾಮಾಗಿ ಕೂರಲು ನಾನು ಕೇಳಿದ್ದೆನೇ? ಆ ಟೇಬಲ್ಲಿನ ಮುಂದೆ ನಿಂತೇ ನನಗೆ ತಲೆ ನರೆತಿದೆ. ಅದನ್ನು ಬಿಟ್ಟರೆ ನಾನು ಯಾರು ಅಂತ ನನಗೇ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಮಧ್ಯಾಹ್ನ ಗೋದಾಮಿಗೆ ಹೋಗಿ ಬರುವಾಗ ಸಾಹುಕಾರರ ಕ್ಯಾಬಿನ್ನಿನ ಗಾಜಿನಲ್ಲಿ ಕರಿ ಅಂಗಿ ಕಾಣಿಸಿತು. ಮಗಳ ಗಂಡ. ತಗ್ಗಿದ ದನಿಯಲ್ಲಿ ಮಾತು. ಅವನ ಕೈಯಲ್ಲಿ ಫೋನ್, ಸಾಹುಕಾರರು ಬಗ್ಗಿ ಅದನ್ನು ನೋಡುತ್ತಿದ್ದಾರೆ. ಈಗ ಎಲ್ಲ ಅರ್ಥವಾಯಿತು. ನನ್ನ ಹನಿ ಲೆಕ್ಕವನ್ನು ದಿನಾ ಸಂಜೆ ನನ್ನ ಬಾಯಿಂದಲೇ ತೆಗೆದು ಯಂತ್ರಕ್ಕೆ ತುಂಬುತ್ತಿದ್ದಾನೆ. ಕಾಫಿ ಕುಡಿಸಿ ಕುಡಿಸಿ ಕತ್ತು ಕುಯ್ದರು.

ಏಪ್ರಿಲ್ 2, ಬುಧವಾರ

ಕೋಣೆಗೆ ಹೋಗುತ್ತಿಲ್ಲ. "ಬನ್ನಿ ಮಾವ" ಅಂದ. ತಲೆನೋವು ಅಂದೆ. ನಾಲ್ಕು ದಿನದಿಂದ ತಲೆನೋವು ಅಂತಲೇ ಹೇಳುತ್ತಿದ್ದೇನೆ. ಸಂಜೆ ಹೊತ್ತು ಹೋಗುವುದೇ ಇಲ್ಲ.

ಏಪ್ರಿಲ್ 5, ಶನಿವಾರ

ಸಂಜೆ ಅವರು ಬರುವ ಮುಂಚೆ ಕೋಣೆಗೆ ಹೋದೆ. ಟೀವಿಯ ರಿಮೋಟಿನ ಕೆಳಗೆ ಮಡಚಿದ ಹಾಳೆ. ಎರಡು ಸಾಲು. ಒಂದರ ಮೇಲೆ "ಮಾವ ಹೇಳಿದ್ದು", ಇನ್ನೊಂದರ ಮೇಲೆ "ಇದ್ದದ್ದು". ಮಾರ್ಚ್ 17ರಿಂದ ತಾರೀಖು ಹಾಕಿ ಬರೆದಿದ್ದಾನೆ. ಮಾವ ಹೇಳಿದ್ದು ಬೂದಿ, ಇದ್ದದ್ದು ತಿಳಿನೀಲಿ. ಮಾವ ಹೇಳಿದ್ದು ಎರಡೂ ಒಂದೇ, ಇದ್ದದ್ದು ಒಂದು ಹಸಿರು ಒಂದು ನೀಲಿ. ಮಾವ ಹೇಳಿದ್ದು ಕೆಂಪು, ಇದ್ದದ್ದು ನೇರಳೆ. ಒಂದು ಪುಟ ತುಂಬ ಸುಳ್ಳು.

ಊಟಕ್ಕೆ ಕೂತಾಗ ಹಾಳೆಯನ್ನು ಅವನ ತಟ್ಟೆಯ ಪಕ್ಕ ಇಟ್ಟೆ. "ಇದನ್ನ ಸಾಹುಕಾರರಿಗೆ ತೋರಿಸೋಕೆ ಎಷ್ಟು ದಿನದಿಂದ ತಯಾರಿ ನಡೆಸ್ತಾ ಇದ್ದೀರಿ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇ" ಅಂದೆ.

ಅವನು ತಲೆ ತಗ್ಗಿಸಿದ. ಮಗಳು ಮಾತಾಡಿದಳು.

"ಅಪ್ಪ, ಅದರಲ್ಲಿ ಬರೆದಿರೋದು ಸರಿಯಾಗಿದೆ."

"ನಿನಗೂ ಹೇಳಿಕೊಟ್ಟಿದ್ದಾನಾ?"

ಹೆಂಡತಿ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು, "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಅಂದಳು. ಮೂವತ್ತು ವರ್ಷದ ಸಂಸಾರದಲ್ಲಿ ಬೇರೆಯವರ ಮುಂದೆ ಅವಳು ನನಗೆ ಹಾಗೆ ಅಂದಿರಲಿಲ್ಲ.

ಆಮೇಲೆ ಅವನು ಬಾಯಿಬಿಟ್ಟ. "ನಾನು ಹೇಳಿದ್ರೆ ನಂಬ್ತಿದ್ರಾ ಮಾವ? ನೀವು ನಂಬೋದು ನಿಮ್ಮ ಕಣ್ಣೊಂದನ್ನೇ. ಅದಕ್ಕೇ ಕಣ್ಣಿಗೇ ತೋರಿಸ್ತಾ ಇದ್ದೆ, ಒಂದಿನ ನಿಮಗೇ ಗೊತ್ತಾಗ್ಲಿ ಅಂತ."

ಎದ್ದು ಬಂದುಬಿಟ್ಟೆ. ಎಲ್ಲರೂ ಒಂದಾಗಿದ್ದಾರೆ. ಯಂತ್ರ ತಂದ ಸಾಹುಕಾರರೂ, ಟೀಚರಮ್ಮನೂ, ಗೋದಾಮಿನವನೂ, ಮನೆಯವರೂ. ಇಷ್ಟು ಜನ ಸೇರಿ ನನ್ನ ಮೇಲೆ ಯಾಕೆ ಬಿದ್ದಿದ್ದಾರೆ ಅನ್ನುವುದೊಂದು ಮಾತ್ರ ತಿಳಿಯುತ್ತಿಲ್ಲ.

ಏಪ್ರಿಲ್ 6, ಭಾನುವಾರ

ಮೂವರೂ ಮಾರ್ಕೆಟ್ಟಿಗೆ ಹೋಗಿದ್ದರು. ನಾನೊಬ್ಬನೇ. ಇವರ ಕೈ ಸೋಕದ ಸಾಕ್ಷಿ ಯಾವುದಿದೆ ಅಂತ ಯೋಚಿಸಿದೆ. ದೀಪ ಅವನದು. ಯಂತ್ರ ಸಾಹುಕಾರರದು. ಹೆಂಡತಿಯನ್ನು ಕೇಳಿದರೆ ಹೇಳಿಕೊಟ್ಟಿದ್ದನ್ನು ಒಪ್ಪಿಸುತ್ತಾಳೆ.

ಹೊಲಿಗೆ ಡಬ್ಬಿ ನೆನಪಾಯಿತು. ಅದರಲ್ಲಿ ನಲವತ್ತೋ ಐವತ್ತೋ ದಾರದ ರೀಲುಗಳಿವೆ, ಎಷ್ಟೋ ವರ್ಷದ್ದು. ಪ್ರತಿಯೊಂದರ ತಳದಲ್ಲಿ ಕಂಪನಿಯವರು ಬಣ್ಣದ ನಂಬರು ಅಚ್ಚು ಹಾಕಿರುತ್ತಾರೆ. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಬಟ್ಟೆ ಹಾಸಿ ಕೂತು, ತಳ ನೋಡದೆ, ಒಂದೇ ಬಣ್ಣದವನ್ನು ಒಟ್ಟಿಗೆ ಗುಡ್ಡೆ ಹಾಕಿದೆ. ಕಪ್ಪಿನ ಗುಡ್ಡೆಯಲ್ಲಿ ಒಂಬತ್ತು ಬಂದವು. ತಿರುಗಿಸಿ ನೋಡಿದೆ.

ಒಂಬತ್ತರಲ್ಲಿ ನಾಲ್ಕಕ್ಕೆ ಒಂದು ನಂಬರು. ಮೂರಕ್ಕೆ ಇನ್ನೊಂದು. ಎರಡಕ್ಕೆ ಮತ್ತೊಂದು.

ಬಿಳಿಯ ಗುಡ್ಡೆ ತಿರುಗಿಸಿದೆ. ಅದರಲ್ಲೂ ಮೂರು ಜಾತಿ. ಬೂದಿಯ ಗುಡ್ಡೆಯನ್ನು ತಿರುಗಿಸಲು ಮನಸ್ಸು ಬರಲಿಲ್ಲ, ಆದರೂ ತಿರುಗಿಸಿದೆ.

ದಾರದ ಕಂಪನಿಯವನಿಗೂ ನನ್ನ ಅಳಿಯನಿಗೂ ಏನು ನಂಟು? ಅವನು ಹುಟ್ಟುವ ಮುಂಚಿನ ರೀಲುಗಳೂ ಅದರಲ್ಲಿ ಇದ್ದವು.

ಅವರು ಬರುವ ಹೊತ್ತಿಗೆ ಎಲ್ಲವನ್ನೂ ಡಬ್ಬಿಗೆ ತುಂಬಿ ಮೊದಲಿದ್ದ ಜಾಗದಲ್ಲೇ ಇಟ್ಟಿದ್ದೆ. ಹೆದರಿಕೆಯಾಗಿದೆ. ಬರೆದೇ ಬಿಡುತ್ತೇನೆ, ಓದುವವರು ಯಾರೂ ಇಲ್ಲ. ಬಹಳ ಹೆದರಿಕೆಯಾಗಿದೆ.

ಏಪ್ರಿಲ್ 7, ಸೋಮವಾರ

ಸಾಹುಕಾರರ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡೆ. "ನನ್ನ ಕೈಯದು ಎಷ್ಟು ಡಬ್ಬಿ ವಾಪಸ್ ಬಂದಿವೆ?" ಅಂತ ಕೇಳಿದೆ.

ಎದ್ದು ಮೆಟ್ಟಿಲ ಕೆಳಗಿನ ಬಾಗಿಲು ತೆಗೆದರು. ಹದಿನಾಲ್ಕು ಡಬ್ಬಿ. ಒಂದೊಂದರ ಮೇಲೂ ಗೋದಾಮಿನವನು ಸೀಮೆಸುಣ್ಣದಲ್ಲಿ ತಿಂಗಳು ಬರೆದಿದ್ದ. ಮೊದಲನೆಯದು ಹೋದ ಅಕ್ಟೋಬರಿನದು.

"ಆರು ತಿಂಗಳು ಯಾಕೆ ಸುಮ್ನಿದ್ರಿ?"

"ನಿಮಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ನಾನು ಗಲ್ಲಾ ಮೇಲೆ ಕೂರೋದಕ್ಕೆ ಮುಂಚೆಯಿಂದ ನೀವಿದ್ದೀರಿ" ಅಂದರು. ಆಮೇಲೆ ನಿಧಾನಕ್ಕೆ, "ನಿಮ್ಮ ಅಳಿಯ ಬಂದಿದ್ರು. ಇದು ಕಣ್ಣಿನ ತೊಂದ್ರೆ, ಕೈ ಕೆಟ್ಟಿಲ್ಲ, ಟೇಬಲ್ ಬೇರೆಯವರಿಗೆ ಕೊಡೋಕೆ ಮುಂಚೆ ಸ್ವಲ್ಪ ಟೈಮ್ ಕೊಡಿ ಅಂತ ಕೇಳ್ಕೊಂಡ್ರು. ಫೋನಲ್ಲಿ ಎಲ್ಲ ಬರೆದಿಟ್ಟಿದ್ರು" ಅಂದರು.

ನೀಲಿ ಸ್ಟೇನರಿನ ಬಾಟಲಿ ಎತ್ತಿ ನೋಡಿದೆ. ಕೆಟ್ಟದ್ದು ಅದಲ್ಲ, ನನ್ನ ಕಣ್ಣು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಏಪ್ರಿಲ್ 8, ಮಂಗಳವಾರ

ಕಣ್ಣಿನ ಡಾಕ್ಟರ್. ಜೊತೆಗೆ ಅಳಿಯ ರಜೆ ಹಾಕಿ ಬಂದ. ಬಿಳಿ ಕೋಟಿನ ನರ್ಸಮ್ಮ ಕಣ್ಣಿಗೆ ಹನಿ ಹಾಕಿ ಒಂದು ಗಂಟೆ ಕೂರಿಸಿದರು.

ಎರಡೂ ಕಣ್ಣಿಗೆ ಪೊರೆ. ಒಳಗಿನ ಮಸೂರ ಹಳದಿಗಟ್ಟಿದೆಯಂತೆ, ಹಳೆಯ ಗಾಜಿನ ಹಾಗೆ. ಅದು ನೀಲಿಯನ್ನು ಒಳಗೆ ಬಿಡುವುದಿಲ್ಲ. ನಿಧಾನಕ್ಕೆ ಬರುವುದರಿಂದ ಇರುವವನಿಗೆ ತಿಳಿಯುವುದಿಲ್ಲ, ಪಕ್ಕದವರಿಗೇ ಮೊದಲು ತಿಳಿಯುತ್ತದೆ ಅಂದರು ಡಾಕ್ಟರ್. ಮಸೂರ ತೆಗೆದು ಬೇರೆ ಹಾಕುತ್ತಾರೆ. ಮೊದಲು ಬಲಗಣ್ಣು, ಹದಿನೇಳಕ್ಕೆ.

"ಆಮೇಲೆ ಬಣ್ಣ ಮೊದಲಿನ ಹಾಗೆ ಕಾಣುತ್ತಾ?" ಅಂತ ಕೇಳಿದೆ. ಚೆನ್ನಾಗಿ ಕಾಣುತ್ತದೆ, ಗ್ಯಾರಂಟಿ ಅನ್ನುವ ಮಾತು ಮಾತ್ರ ಡಾಕ್ಟರುಗಳು ಆಡುವುದಿಲ್ಲ ಅಂದರು. ಮೊದಲ ಸಲ ಒಬ್ಬ ಮನುಷ್ಯನ ಮಾತನ್ನು ಹಾಗೇ ನಂಬಬೇಕು ಅನ್ನಿಸಿತು, ಆತನೇ ಬೇಡ ಅನ್ನುತ್ತಿದ್ದಾನೆ.

ವಾಪಸ್ ಬರುವಾಗ ಅಳಿಯನಿಗೆ ಏನಾದರೂ ಹೇಳಬೇಕಿತ್ತು. "ನಿಮ್ಮ ದೀಪ ವಾಪಸ್ ಕೊಡ್ಲಿಲ್ಲ ತಾನೇ?" ಅಂದೆ. "ಇಲ್ಲ ಮಾವ" ಅಂದ. ಅಷ್ಟೇ ಆಯಿತು.

ಏಪ್ರಿಲ್ 16, ಬುಧವಾರ

ನಾಳೆ. ಹೆಂಡತಿ ಚೀಲ ಕಟ್ಟುತ್ತಿದ್ದಾಳೆ.

ಏಪ್ರಿಲ್ 22, ಮಂಗಳವಾರ

ಬರೆಯಲು ಇವತ್ತು ಅಪ್ಪಣೆ ಸಿಕ್ಕಿತು, ಅದೂ ಅರ್ಧ ಪುಟಕ್ಕೆ. ಕರಿ ಕನ್ನಡಕ, ದಿನಕ್ಕೆ ನಾಲ್ಕು ಸಲ ಹನಿ. ಬಗ್ಗಬಾರದು, ಒಲೆಯ ಬಳಿ ಹೋಗಬಾರದು. ಈಗ ಹನಿ ಹಾಕುವವರು ಬೇರೆಯವರು, ನಾನು ಬರೀ ಡಬ್ಬಿ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಎದುರಿಗೆ ನಿಂತಿದ್ದ ನರ್ಸಮ್ಮನ ಕೋಟು ನೀಲಿ. ತಿಳಿಯಾದ ನೀಲಿ. ಕೋಟು ಬದಲಾಯಿಸಿದಿರಾ ಅಂತ ಕೇಳಿದೆ. "ಇಲ್ಲಿ ಬಿಳಿ ಕೋಟು ಯಾರಿಗೂ ಇಲ್ಲ" ಅಂದರು.

ಏಪ್ರಿಲ್ 27, ಭಾನುವಾರ

ಸಂಜೆ ಕೋಣೆಗೆ ನಾನೇ ಹೋದೆ. ಮಗಳು ಸಮುದ್ರದೊಳಗೆ ಇಳಿಯುವ ಆಟ ಹಾಕಿದ್ದಳು. ಅಳಿಯ ಎದ್ದು ಜಾಗ ಬಿಟ್ಟು, ಕೋಣೆಯ ಲೈಟು ಆರಿಸಿದ.

ಪರದೆಯಲ್ಲಿ ನೀರು ಆಳವಾದಂತೆ ಹಿಂದಿನ ಗೋಡೆಯೂ ಆಳವಾಯಿತು. ತಿಳಿನೀಲಿ, ನೀಲಿ, ಕಡುನೀಲಿ. ಮೂಲೆಯಲ್ಲಿ ಒಂದು ನೇರಳೆ ಮೀನು ಹೋದರೆ ಮೂಲೆಯ ದೀಪ ಅಷ್ಟೇ ನೇರಳೆಯಾಗಿ ಮತ್ತೆ ನೀಲಿಗೆ ಬಂತು. ಬಲಗಣ್ಣು ಮುಚ್ಚಿದೆ, ಬೂದಿ. ತೆರೆದೆ, ಸಮುದ್ರ. ಮುಚ್ಚಿ ತೆರೆದು ಎಷ್ಟು ಸಲ ನೋಡಿದೆನೋ ಗೊತ್ತಿಲ್ಲ. ಅಳು ಬಂತು, ಕಣ್ಣಿಗೆ ಕೈ ಹಾಕಬೇಡಿ ಅಂತ ಹೆಂಡತಿ ಬೈದಳು.

ಅಳಿಯನ ಅಂಗಿ ಕೂಡ ಕಡುನೀಲಿ. ಕರಿ ಅಂಗಿ ಅವನ ಹತ್ತಿರ ಒಂದೂ ಇಲ್ಲವಂತೆ.

ಕ್ಯಾಮೆರಾ ಮಾತ್ರ ನನಗೆ ಇನ್ನೂ ಸರಿಬರುವುದಿಲ್ಲ. ಹೋಗುವಾಗ ಅದರ ಮೇಲೆ ಕರವಸ್ತ್ರ ಹಾಕಿ ಬಂದೆ.

ಮೇ 5, ಸೋಮವಾರ

ಅಂಗಡಿಗೆ ಹೋದೆ. ಯಂತ್ರ ಅಲ್ಲೇ ಇದೆ, ಅದು ಇನ್ನು ಹೋಗುವುದಿಲ್ಲ. ಸಾಹುಕಾರರು ಟೇಬಲ್ಲನ್ನು ಸ್ವಲ್ಪ ಸರಿಸಿ ಎರಡಕ್ಕೂ ಜಾಗ ಮಾಡಿದ್ದಾರೆ. ಹೊಸ ಗೋಡೆಗೆ ಯಂತ್ರ, ಹಳೆಯ ಗೋಡೆಗೆ ನಾನು, ಆಮೇಲೆ ನೋಡೋಣ ಅಂದರು. ಆಮೇಲೆ ಅಂದರೆ ಏನು ಅಂತ ನಾನೂ ಕೇಳಲಿಲ್ಲ.

ಮೊದಲು ಟೀಚರಮ್ಮನ ಚಕ್ಕೆ ತೆಗೆದೆ. ನನ್ನ ಹಲಗೆಯನ್ನು ಪಕ್ಕ ಇಟ್ಟೆ. ನೀಲಿಗಟ್ಟಿದ ಗಾಯ, ಅವರು ಹೇಳಿದ ಹಾಗೇ. ಹೊಸದಾಗಿ ಬೆರೆಸಿದೆ. ನೀಲಿ ಎರಡೂವರೆ ಹನಿ. 'ಅರ್ಧ ಹನಿ' ಅಂದರೆ ಕಡ್ಡಿಯ ತುದಿಗೆ ಅಂಟಿದಷ್ಟು, ಅದು ಯಂತ್ರಕ್ಕೆ ಬರುವುದಿಲ್ಲ. ಸಂಜೆ ಅವರ ಮನೆಗೆ ನಾನೇ ಒಯ್ದು ಬಳಿಸಿದೆ. ಒಣಗಿದ ಮೇಲೆ ಟೀಚರಮ್ಮ ಗೋಡೆ ಸವರಿ, "ತೇಪೆ ಎಲ್ಲಿತ್ತು?" ಅಂದರು.

ಗೋದಾಮಿನವನಿಗೆ ಒಂದು ಚಹಾ ಹೇಳಿದೆ. ಯಾಕೆ ಅಂತ ಅನುಮಾನದಿಂದ ನೋಡಿದ, ಆದರೂ ಕುಡಿದ.

ಮೇ 11, ಭಾನುವಾರ

ಅವರ ಕಟ್ಟಡದ ಪೈಪು ಮುಗಿಯಿತಂತೆ, ಇನ್ನು ಹತ್ತು ದಿನಕ್ಕೆ ಹೋಗುತ್ತಾರೆ. ದೀಪದ ಪಟ್ಟಿ ಕೀಳಲು ಅಳಿಯ ಟೀವಿ ತಿರುಗಿಸುತ್ತಿದ್ದ. "ಕೀಳಬೇಡ, ಬಿಡೋ" ಅಂದೆ. "ಎಡಗಣ್ಣು ಇನ್ನೂ ಬಾಕಿ ಇದೆ. ಅದಕ್ಕೂ ಪರೀಕ್ಷೆ ಮಾಡೋರು ಬೇಡ್ವಾ?" ಅವನು ತಲೆಯಾಡಿಸಿ ಟೀವಿಯನ್ನು ಮೊದಲಿನ ಹಾಗೆ ತಿರುಗಿಸಿದ. ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು. ಯಾಕೋ ಗೊತ್ತಿಲ್ಲ.

ಆಮೇಲೆ ಬೀರುವಿನಿಂದ ಈ ಡೈರಿ ತೆಗೆದು ಮೊದಲಿನಿಂದ ಓದಲು ಕೂತೆ. ಮೊದಲ ಪುಟ ತೆರೆದೊಡನೆ ಕೈ ನಿಂತಿತು.

ನೀಲಿ. ಮಾರ್ಚ್ 3 ನೀಲಿ, 5 ನೀಲಿ, 9 ನೀಲಿ. ದಾಖಲೆ ಅಂದಮೇಲೆ ಕಪ್ಪು ಶಾಯಿ ಅಂತ ಚಂದದ ನೀಲಿಯಲ್ಲಿ ಬರೆದಿದ್ದೇನೆ. ಮಾರ್ಚ್ 10ರಿಂದ ಕಪ್ಪು, ಪೆನ್ನು ಬದಲಾದ ದಿನದಿಂದ.

ಅಡುಗೆಮನೆಗೆ ಹೋದೆ. "ನನ್ನ ಪೆನ್ನು ಬದಲಾಯಿಸಿದ್ದು ನೀನಾ?"

"ಹೂಂ."

"ಡೈರಿ ಓದಿದೆಯಾ?"

"ಓದಬೇಕಾ? ಕಪ್ಪು ಪೆನ್ನು ಕಪ್ಪು ಪೆನ್ನು ಅಂತ ಮನೆಗೆಲ್ಲ ಕೇಳೋ ಹಾಗೆ ಸಾರಿದ್ರಿ. ಕೈಯಲ್ಲಿ ನೋಡಿದ್ರೆ ನೀಲಿ. ಒಂದು ವಾರ ಸುಮ್ನಿದ್ದೆ. ಅವತ್ತು ದೀಪದ ಮುಂದೆ ನೀಲಿ ಸತ್ತಿದೆ ಅಂದ್ರಲ್ಲ, ಆಗ ಗೊತ್ತಾಯ್ತು. ಮಾರನೇ ದಿನ ಕಪ್ಪು ತಂದಿಟ್ಟೆ."

"ಹೇಳ್ಬಹುದಿತ್ತು."

"ಹೇಳಿದ್ರೆ ಪೆನ್ನಿನ ಕಂಪನಿಯವನ ಮೇಲೆ ಅನುಮಾನ ಪಡ್ತಿದ್ರಿ" ಅಂದಳು, ತೊಳೆದ ಲೋಟ ಬೋರಲು ಹಾಕುತ್ತಾ. "ನೀವು ಕಪ್ಪು ಅಂದಿದ್ರಿ. ನಿಮ್ಮ ಮಾತು ಸುಳ್ಳಾಗೋದು ಬೇಡ ಅಂತ ಇಟ್ಟೆ."

ಅಂದಿನಿಂದ ಇವರ ಗುಟ್ಟು ಹಿಡಿಯಲು ನಾನು ಬರೆದ ಒಂದೊಂದು ಮಾತೂ ಅವಳು ತಂದಿಟ್ಟ ಪೆನ್ನಿನದೇ. ಅವಳು ತೊಳೆದ ಲೋಟಗಳನ್ನು ಒಂದೊಂದಾಗಿ ಒರೆಸಿಟ್ಟೆ.

ಸ್ಟ್ಯಾಂಡಿನಲ್ಲಿ ಈಗ ನಾಲ್ಕು ಪೆನ್ನುಗಳಿವೆ. ಇವತ್ತಿನ ಪುಟ ನೀಲಿಯಲ್ಲಿ ಬರೆದಿದ್ದೇನೆ, ನೋಡಿ ಆರಿಸಿಕೊಂಡು.